ಅಲ್ಯೂಮಿನಿಯಂ ಕಿಟಕಿಗೂ ಚುಕ್ಕೆ ಬೀಳುವುದೇಕೆ?

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳುವುದು ಅರ್ಧ ಸತ್ಯ. ಉಪ್ಪಳ, ಕುಂಬಳೆ ಕಡೆ ಸಮುದ್ರದ ಗಾಳಿ ನೇರವಾಗಿ ಬಡಿಯುವ ಮನೆಗಳ ಕಿಟಕಿ ಚೌಕಟ್ಟನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಕೆಂಪು ತುಕ್ಕು ಕಾಣದು, ನಿಜ. ಆದರೆ ಬಿಳಿ ಪುಡಿ ಕೈಗೆ ಹತ್ತುವುದುಂಟು. ಒರೆಸಿದರೆ ಅಡಿಯಲ್ಲಿ ಸೂಜಿ ಚುಚ್ಚಿದಂಥ ಗುಂಡಿಗಳು. ಪಕ್ಕದ ಮನೆಯ ಕಿಟಕಿ ಮಾತ್ರ ಅದೇ ಗಾಳಿಗೆ ಹೊಸದರಂತೆ ನಿಂತಿರುತ್ತದೆ! ಇದಕ್ಕೆ ಕಾರಣಗಳು ಹಲವು. ನಮ್ಮ ಕಣ್ಣಿಗೆ ಬೀಳದ ಒಂದು ಕಾರಣ, ಅಲ್ಯೂಮಿನಿಯಂ ಒಳಗೇ ಅಡಗಿರುವ ಕಬ್ಬಿಣ.

ಅದು ಅಲ್ಲಿಗೆ ಹೇಗೆ ಬಂತು? ಅಲ್ಯೂಮಿನಿಯಂನ ಅದಿರಾದ ಬಾಕ್ಸೈಟ್ ನಮ್ಮ ಮುರಕಲ್ಲಿನ ಹತ್ತಿರದ ನೆಂಟ. ಮುರಕಲ್ಲಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣ ಬಾಕ್ಸೈಟ್‌ನಲ್ಲೂ ಇದೆ. ಕಾರ್ಖಾನೆಯಲ್ಲಿ ಅದರ ಬಹುಪಾಲನ್ನು ಕೆಂಪು ಕೆಸರಾಗಿ ಬೇರ್ಪಡಿಸಿದರೂ ಸ್ವಲ್ಪ ಉಳಿಯುತ್ತದೆ. ಗುಜರಿ ಕರಗಿಸುವಾಗ ಸ್ಕ್ರೂ, ಬೋಲ್ಟು, ಮೊಳೆ ಜತೆಗೆ ಬಿದ್ದರೆ ಇನ್ನಷ್ಟು ಸೇರುತ್ತದೆ. ಒಮ್ಮೆ ಸೇರಿದರೆ ತೆಗೆಯುವುದು ಬಲು ಕಷ್ಟ.

ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಮಾತ್ರ ಜಾಗ ಕೊಡದು, ಹೆಚ್ಚೆಂದರೆ ಶೇ. 0.05, ಅದೂ 650 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ. ಸಕ್ಕರೆ ಪಾಕ ಆರಿದಾಗ ಹರಳು ಕಟ್ಟುವ ಹಾಗೆ, ಮಿಕ್ಕ ಕಬ್ಬಿಣ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಜತೆ ಕೂಡಿ ಸಣ್ಣ ಗಟ್ಟಿ ಕಣಗಳಾಗುತ್ತದೆ. ಕೆಲವು ಉಂಡೆಯಂತೆ, ಕೆಲವು ಸೂಜಿಯಂತೆ. ಸೂಕ್ಷ್ಮದರ್ಶಕವಿಲ್ಲದೆ ಕಾಣವು.

ಅಲ್ಯೂಮಿನಿಯಂ ಮೈಮೇಲೆ ಗಾಳಿಯಿಂದಲೇ ಒಂದು ತೆಳು ಆಕ್ಸೈಡ್ ಪೊರೆ ಕಟ್ಟುತ್ತದೆ. ಅದನ್ನು ಕಾಪಾಡುವುದು ಇದೇ. ಕಬ್ಬಿಣದ ಕಣ ಇರುವಲ್ಲಿ ಈ ಪೊರೆ ದುರ್ಬಲ. ಉಪ್ಪುನೀರಿನ ಹನಿ ಬಿದ್ದರೆ ಅಲ್ಲೊಂದು ಪುಟ್ಟ ಬ್ಯಾಟರಿ ಸೆಲ್ ಆದಂತೆ. ಕಣದ ಮೇಲೆ ಆಮ್ಲಜನಕ ಇಲೆಕ್ಟ್ರಾನ್ ಪಡೆಯುತ್ತದೆ, ಅದನ್ನು ಒದಗಿಸಲು ಸುತ್ತಲಿನ ಅಲ್ಯೂಮಿನಿಯಂ ಕರಗುತ್ತದೆ. ತಮಾಷೆ ನೋಡಿ, ಕಬ್ಬಿಣದ ಕಣ ಗಟ್ಟಿಯಾಗಿ ಕುಳಿತಿರುತ್ತದೆ, ಸವೆಯುವುದು ನೆರೆಯವನು! ಕೊನೆಗೆ ಹಿಡಿತ ತಪ್ಪಿ ಕಣವೂ ಉದುರುತ್ತದೆ, ಗುಂಡಿ ಉಳಿಯುತ್ತದೆ. ಉಪ್ಪಿನ ಕ್ಲೋರೈಡ್ ಆ ಗಾಯ ಮಾಯಲು ಬಿಡುವುದಿಲ್ಲ.

ಹಾಗಾದರೆ ಅನೋಡೈಜಿಂಗ್ ಮಾಡಿಸಿದರಾಯಿತಲ್ಲ ಎನ್ನಬಹುದು. ಆದರೆ ಅದು ಮೇಲಿಂದ ಬಳಿಯುವ ಪೇಂಟ್ ಅಲ್ಲ. ಗಂಧಕಾಮ್ಲದ ತೊಟ್ಟಿಯಲ್ಲಿ ಲೋಹವನ್ನು ಪಾಸಿಟಿವ್ ತಂತಿಗೆ ಕಟ್ಟಿ ವಿದ್ಯುತ್ ಹರಿಸಿದಾಗ ಲೋಹವೇ ಆಕ್ಸೈಡ್ ಆಗುತ್ತಾ ಪದರ ಬೆಳೆಯುತ್ತದೆ. ಹಾಗಾಗಿ ಲೋಹದಲ್ಲಿದ್ದ ದೋಷ ಪದರಕ್ಕೂ ಬರುತ್ತದೆ. ಕೆಲವು ಕಣಗಳು ಕರಗಿ ತೂತು ಬಿಡುತ್ತವೆ, ಕೆಲವು ಪದರದಲ್ಲೇ ಸಿಕ್ಕಿಕೊಳ್ಳುತ್ತವೆ. ಹೊಳಪು ಹೋಗಿ ಬೂದು ಮಬ್ಬು ಕವಿಯುವುದು ಇದರಿಂದಲೇ. ಅದಕ್ಕೆ ಮುಂಚೆ ಕಾಸ್ಟಿಕ್ ಸೋಡಾದಲ್ಲಿ ತೊಳೆದಾಗ ಕಬ್ಬಿಣದ ಕಣಗಳು ಕರಗದೆ ಕಪ್ಪು ಮಸಿಯಾಗಿ ಅಂಟಿಕೊಳ್ಳುತ್ತವೆ. ನೈಟ್ರಿಕ್ ಆಮ್ಲದಲ್ಲಿ ಅದ್ದಿ ತೆಗೆಯಬೇಕು. ಅವಸರದವರು ಇದನ್ನು ಬಿಟ್ಟರೆ ಕಲೆ ಖಂಡಿತ.

ಕಿಟಕಿಗೆ ಸಾಮಾನ್ಯವಾಗಿ ಬಳಸುವ 6063 ಮಿಶ್ರಲೋಹದಲ್ಲಿ ಕಬ್ಬಿಣ ಶೇ. 0.35 ಮೀರಬಾರದು. ಡೈ ಕಾಸ್ಟಿಂಗ್‌ನ ಎಡಿಸಿ12ರಲ್ಲಿ ಶೇ. 1.3ರವರೆಗೂ ಒಪ್ಪುತ್ತಾರೆ. ಅಲ್ಲಿ ಅದು ಬೇಕೇ ಬೇಕು, ಇಲ್ಲವಾದರೆ ಬಿಸಿ ಲೋಹ ಉಕ್ಕಿನ ಅಚ್ಚಿಗೆ ಅಂಟುತ್ತದೆ. ಅಂಥ ಗುಜರಿ ಕಿಟಕಿಯ ಲೋಹಕ್ಕೆ ಬೆರೆತಾಗಲೇ ತೊಂದರೆ.

ಕೊಳ್ಳುವಾಗ ಲೋಹದ ನಂಬರನ್ನೂ ಪದರ ಎಷ್ಟು ಮೈಕ್ರಾನ್ ಎಂಬುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಡಲ ಬದಿಗೆ 20ರಿಂದ 25 ಮೈಕ್ರಾನ್ ಇರುವುದು ಒಳ್ಳೆಯದು. ಪದರ ಇದೆಯೋ ಇಲ್ಲವೋ ಎಂಬ ಅನುಮಾನವೇ? ಎಲೆಕ್ಟ್ರೀಷಿಯನ್ ಬಳಿಯ ಮೀಟರಿನ ಎರಡು ಮೊನೆಗಳನ್ನು ಮೆಲ್ಲಗೆ ಮುಟ್ಟಿಸಿ. ಅನೋಡೈಜಿಂಗ್ ಪದರ ವಿದ್ಯುತ್ ಹರಿಯಗೊಡದು. ಮೀಟರ್ ಕೂಗಿದರೆ ಅದು ಬರೀ ಲೋಹ.