ಇಲಿ ಮೊದಲು ಇಲಿಯೇ

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಶಿವಮೊಗ್ಗಕ್ಕೆ ಹೋಗಿ ಬಂದವನಿಗೆ ಜ್ವರ ಬಂತು, ಗೆಡ್ಡೆ ಎದ್ದಿತು, ಪ್ರಾಣ ಹೋಯಿತು. ಬ್ರಾಹ್ಮಣ್ಯ ಬಿಟ್ಟು ಬದುಕಿದವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಊರಿಗೆ ಊರೇ ಶಾಸ್ತ್ರ ತಿರುವಿಹಾಕುತ್ತಿದೆ. ಅಷ್ಟರಲ್ಲಿ ಇಲಿಗಳು ಕಂಡಕಂಡಲ್ಲಿ ಬಿದ್ದು ಸಾಯತೊಡಗುತ್ತವೆ. ಅವನ್ನು ತಿನ್ನಲು ಬಂದ ಹದ್ದುಗಳು ಮನೆಗಳ ಮಾಡಿನ ಮೇಲೆ ಕೂರುತ್ತವೆ. ಹದ್ದು ಕೂತಿದ್ದು ಅಪಶಕುನವೆಂದು ಬ್ರಾಹ್ಮಣರು ಜಾಗಟೆ ಬಾರಿಸುತ್ತಾರೆ, ಶಂಖ ಊದುತ್ತಾರೆ. ಸತ್ತ ಇಲಿಯನ್ನು ಕಂಡು ‘ಇದು ಪ್ಲೇಗು’ ಎನ್ನಬೇಕೆಂದು ಅವರಿಗೆ ಹೊಳೆಯುವುದಿಲ್ಲ. ಒಬ್ಬೊಬ್ಬರಾಗಿ ಸಾಯುತ್ತಾರೆ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಈ ಭಾಗವನ್ನು ಸಾಹಿತ್ಯದಲ್ಲಿ ಸಂಕೇತ ಹುಡುಕುವವರೆಲ್ಲ ಮತ್ತೊಮ್ಮೆ ಓದಬೇಕು. ಅಗ್ರಹಾರದವರು ಹದ್ದಿನ ಅರ್ಥ ಹುಡುಕಿದರು. ಹದ್ದು ಯಾಕೆ ಬಂತೆಂದು ನೋಡಲಿಲ್ಲ. ಪರೀಕ್ಷೆಗೆ ಓದಿಸುವ ಗೈಡುಗಳಲ್ಲಿಯೂ ಇದೇ ನಡೆಯುತ್ತಿದೆ. ಇಲಿ ಎಂದರೆ ಅಗ್ರಹಾರದ ನೈತಿಕ ಪತನ, ಹೆಣ ಎಂದರೆ ಕೊಳೆತ ಸಂಪ್ರದಾಯ, ಬರೆದುಕೊಳ್ಳಿ, ಐದು ಅಂಕ. ಉತ್ತರ ತಪ್ಪೇನಲ್ಲ. ಆದರೆ ಅದನ್ನು ಬಾಯಿಪಾಠ ಮಾಡಿದ ಹುಡುಗಿಗೆ ಕಾದಂಬರಿಯ ಭಯ ತಟ್ಟುವುದೇ ಇಲ್ಲ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಹಳೇ ಮೈಸೂರಿನ ಎರಡು ಮೂರು ತಲೆಮಾರುಗಳನ್ನು ಕಾಡಿತು. ಇಲಿ ಬಿತ್ತೆಂದರೆ ಜನ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇದನ್ನು ತಿಳಿದು ಓದುವವರಿಗೆ ಅಂಗಳದಲ್ಲಿ ಬಿದ್ದ ಮೊದಲ ಇಲಿಯೇ ಸಾಕು, ಎದೆ ಧಸಕ್ಕೆನ್ನುತ್ತದೆ. ಇಲಿ ಮೊದಲು ನಿಜವಾದ ಇಲಿಯಾಗಿ ಹೆದರಿಸಬೇಕು. ಆಮೇಲಷ್ಟೇ ಅದು ಮತ್ತೇನನ್ನಾದರೂ ಹೇಳಬಲ್ಲದು.

ನಮ್ಮ ಕಾವ್ಯಮೀಮಾಂಸೆ ಈ ಮಾತನ್ನು ಸಾವಿರ ವರ್ಷಕ್ಕೂ ಹಿಂದೆಯೇ ಯೋಚಿಸಿದೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯನ್ನು, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥವನ್ನು, ಒಂದು ಅಲಂಕಾರವೆಂದು ಗುರುತಿಸಿತು. ಧ್ವನಿಯೇ ಕಾವ್ಯದ ಆತ್ಮವೆಂದು ಸಾಧಿಸಲು ಹೊರಟ ಆನಂದವರ್ಧನ ವಾಚ್ಯಾರ್ಥವನ್ನು, ಅಂದರೆ ಮಾತಿನ ನೇರ ಅರ್ಥವನ್ನು, ಕಡೆಗಣಿಸಲಿಲ್ಲ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವ ಹಾಗೆ, ಧ್ವನಿ ಬೇಕಾದವನು ವಾಚ್ಯಾರ್ಥವನ್ನು ಜೋಪಾನ ಮಾಡುತ್ತಾನೆ ಎಂದ. ಗೈಡುಗಳು ದೀಪ ಆರಿಸಿ ಬೆಳಕು ಹಂಚಲು ಹೋಗುತ್ತಿವೆ ಎಂಬುದೇ ನನ್ನ ಸಂಕಟ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ (1933) ನೋಡಿ. ದುಡಿ ಚೋಮನ ಕೈಯಲ್ಲಿರುವ ಸಣ್ಣ ಚರ್ಮವಾದ್ಯ. ಸಿಟ್ಟು ಬಂದರೂ ಬಾರಿಸುತ್ತಾನೆ, ಖುಷಿಯಾದರೂ ಬಾರಿಸುತ್ತಾನೆ. ಅವನ ಆಸೆ ಒಂದೇ, ಸ್ವಂತಕ್ಕೆ ಒಂದು ತುಂಡು ಗದ್ದೆ ಬೇಸಾಯ ಮಾಡಬೇಕು. ಎತ್ತುಗಳಿವೆ, ಉಳಲು ನೆಲವಿಲ್ಲ. ಅಸ್ಪೃಶ್ಯನಿಗೆ ನೆಲ ಕೊಡುವ ಪದ್ಧತಿಯೇ ಇಲ್ಲ. ದುಡಿ ಶೋಷಿತರ ದನಿ ಎಂದು ಬರೆದು ಮುಗಿಸಿದರೆ, ದಿನದಿನಕ್ಕೂ ಬೇರೆ ಬೇರೆ ಭಾವ ಹೊತ್ತು ಬರುವ ಆ ಬಡಿತಗಳ ವ್ಯತ್ಯಾಸವೆಲ್ಲ ಕೈಬಿಟ್ಟುಹೋಗುತ್ತದೆ.

ಸಂಕೇತ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನೇ ಕಥೆಯಾಗಿಸಿದ ಇನ್ನೊಂದು ಕನ್ನಡ ಕಾದಂಬರಿಯಿದೆ. ಅದೂ ಅನಂತಮೂರ್ತಿಯವರದೇ, 1973ರ ‘ಭಾರತೀಪುರ’. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥನಿಗೆ ಮಂಜುನಾಥ ದೇವರ ಹೆಸರಿನಲ್ಲಿ ಬದುಕುವ ತನ್ನೂರಿನ ಜಡತೆಯನ್ನು ಒಡೆಯಬೇಕು. ಅದಕ್ಕಾಗಿ ದಲಿತರನ್ನು ದೇವಸ್ಥಾನದೊಳಕ್ಕೆ ಕರೆದೊಯ್ಯುವ ಯೋಚನೆ ಅವನದು. ಮೊದಲ ಹೆಜ್ಜೆಯಾಗಿ ಮನೆಯ ದೇವರ ಕೋಣೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತರುತ್ತಾನೆ, ಅವರಿಂದ ಮುಟ್ಟಿಸಲು.

ಸಾಲಿಗ್ರಾಮವೆಂದರೇನು? ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಕಪ್ಪು ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಸುರುಳಿಚಿಪ್ಪಿನ ಜೀವಿಯೊಂದರ ಪಳೆಯುಳಿಕೆ. ಜಗನ್ನಾಥನ ಬುದ್ಧಿಗೆ ಅದು ಬರೀ ಕಲ್ಲೆಂದು ಗೊತ್ತು. ಆದರೆ ಕೈಯಲ್ಲಿ ಹಿಡಿದು ಹೊರಬರುವಾಗ, ಅವನ ಚಿಕ್ಕಿ ಕಂಗಾಲಾಗಿ ನಿಂತಿರುವಾಗ, ಅಂಗಳದವರು ಹೆದರಿ ಹಿಂದೆ ಸರಿಯುವಾಗ, ಆ ಕಲ್ಲು ಭಾರವಾಗುತ್ತ ಹೋಗುತ್ತದೆ. ಅವನು ಅದನ್ನು ಒಡ್ಡುತ್ತಿರುವುದರಿಂದಲೇ, ಅವರು ಮುಟ್ಟಲು ಅಂಜುತ್ತಿರುವುದರಿಂದಲೇ ಅದು ಸಾಲಿಗ್ರಾಮವಾಗುತ್ತಿದೆ. ಮುಟ್ಟಿ ಎಂದು ಬೇಡಿಕೊಂಡವನ ದನಿ ನೋಡನೋಡುತ್ತ ಧಣಿಯ ಗದರಿಕೆಯಾಗುತ್ತದೆ. ಬಿಡುಗಡೆ ಮಾಡಬೇಕೆಂದುಕೊಂಡವರ ಮೇಲೆಯೇ ಅವನಿಗೆ ಹೇಸಿಗೆ ಬರುತ್ತದೆ. ಅವರು ಹೆದರಿಕೆಯಿಂದ ಮುಟ್ಟಿ ಹೋಗುತ್ತಾರೆ. ಕಲ್ಲನ್ನು ಎಸೆದು ಅವನು ನಿಲ್ಲುತ್ತಾನೆ, ಒಳಗೆ ಏನೂ ಉಳಿದಿಲ್ಲ.

ಈ ಪುಟಗಳನ್ನು ಓದುವಾಗಲೆಲ್ಲ ನನ್ನ ಮೈ ಬಿಗಿಯುತ್ತದೆ. ಸಂಕೇತದ ಶಕ್ತಿ ವಸ್ತುವಿನೊಳಗೆ ಅಡಗಿ ಕೂತಿಲ್ಲ, ಅದನ್ನು ಹಿಡಿದವರ, ಮುಟ್ಟದವರ, ಮುಟ್ಟಗೊಡದವರ ನಡುವೆ ಹರಿದಾಡುತ್ತಿರುತ್ತದೆ ಎಂಬುದನ್ನು ಇಷ್ಟು ನೋವಿನಿಂದ ತೋರಿಸಿದ ಬರಹ ನಾನು ಬೇರೆ ಓದಿಲ್ಲ. ಮುಂದೆ ದೇವಸ್ಥಾನ ಪ್ರವೇಶದ ದಿನ ಇನ್ನೊಂದು ಪೆಟ್ಟು ಬೀಳುತ್ತದೆ. ಅರ್ಚಕರ ಮಗ ಗಣೇಶ ಅಷ್ಟರಲ್ಲೇ ಲಿಂಗವನ್ನು ಕಿತ್ತು ಹೊಳೆಗೆ ಹಾಕಿದ್ದಾನೆ. ಜಗನ್ನಾಥ ಮುರಿಯಹೊರಟ ಸಂಕೇತ ಗರ್ಭಗುಡಿಯಲ್ಲಿ ಇಲ್ಲವೇ ಇಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಅಲ್ಲಿನ ಯಾವ ಪಾತ್ರವೂ ಸಂಕೇತದ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಕೆಳಮಧ್ಯಮ ವರ್ಗದ ಕುಟುಂಬವೊಂದರ ಪುಟ್ಟ ಮನೆಗೆ ಇರುವೆ ಮುತ್ತುತ್ತದೆ. ಮನೆಯವರೆಲ್ಲ ಸೇರಿ ಹೊಸಕುತ್ತಾರೆ, ಬರಬರುತ್ತ ಅದರಲ್ಲೊಂದು ಹುಮ್ಮಸ್ಸು ಬರುತ್ತದೆ. ಇರುವೆ ಕಾಟ ಉಂಡ ಯಾರಿಗೂ ಇದರಲ್ಲಿ ವಿಚಿತ್ರವೆನಿಸದು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತದೆ, ಮನೆ ಬದಲಾಗುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ಅದನ್ನು ಪ್ರಶ್ನಿಸಿದ ಸೊಸೆ ಅನಿತಾ ತವರಿಗೆ ಹೋದವಳು ಬರಬೇಕಾದ ದಿನ ಬಂದಿಲ್ಲ. ಈ ಹೊತ್ತಿಗೆ ಆ ಇರುವೆಗಳು ಓದುಗನ ನೆನಪಿಗೆ ತಾವಾಗಿಯೇ ಬರುತ್ತವೆ. ಲೇಖಕರು ಒಂದು ಸಾಲನ್ನೂ ಅದಕ್ಕಾಗಿ ಬಳಸಿಲ್ಲ.

ತರಗತಿಯಲ್ಲಿ ಈ ಪುಸ್ತಕ ಪಾಠ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಇರುವೆ ಯಾವುದರ ಸಂಕೇತ ಎಂಬ ಪ್ರಶ್ನೆಯನ್ನು ಸ್ವಲ್ಪ ತಡವಾಗಿ ಕೇಳಿ. ಇರುವೆ ಯಾವ ಯಾವ ಪುಟದಲ್ಲಿ ಬಂತು, ಯಾರು ಕೊಂದರು, ಕೊಂದವರ ಮುಖದಲ್ಲಿ ಏನಿತ್ತು, ಯಾರು ಸುಮ್ಮನಿದ್ದರು ಎಂದು ಮೊದಲು ಕೇಳಿ. ಮಕ್ಕಳು ಪುಸ್ತಕ ತೆರೆದು ಹುಡುಕಲಿ.