ನೆತ್ತಿಯ ಎಣ್ಣೆ ಮಿದುಳಿಗೆ ಇಳಿಯುವುದಿಲ್ಲ

ಆನೆಗೊಂದಿ, ಗಂಗಾವತಿ ಕಡೆ ಯಾವ ಬಾಣಂತಿಯ ಕೋಣೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: “ಕೂಸಿನ ನೆತ್ತಿಗೆ ಎಣ್ಣಿ ತುಂಬವ್ವ, ಮಿದುಳಿಗೆ ಇಳಿದು ಶ್ಯಾಣ್ಯಾ ಆಕ್ಕೈತಿ.” ನೆತ್ತಿ ಪಟಪಟ ಬಡಿಯುವುದೇ ಎಣ್ಣೆ ಕುಡಿಯುವುದಕ್ಕೆ ಸಾಕ್ಷಿಯಂತೆ! ಅದು ನಾಡಿಮಿಡಿತ. ಮೂಳೆ ಕೂಡಿರದಿದ್ದರೂ ಅಲ್ಲಿ ಚರ್ಮವಿದೆ, ಅದರಡಿ ಗಟ್ಟಿ ಪೊರೆಗಳಿವೆ. ತಿಕ್ಕಿದರೆ ಕೂಸಿಗೆ ಹಾಯೆನಿಸುತ್ತದೆ, ಅಷ್ಟೇ.

ಎಣ್ಣೆಯ ಅಂಶ ಹೇಗೋ ರಕ್ತ ಸೇರಿತು ಎನ್ನಿ. ಆಗಲೂ ದಾರಿ ಸಲೀಸಲ್ಲ. ಮಿದುಳಿನ ಕಿರುರಕ್ತನಾಳಗಳ ಒಳಗೋಡೆಯ ಜೀವಕೋಶಗಳನ್ನು ಕ್ಲಾಡಿನ್-5, ಆಕ್ಲುಡಿನ್ ಎಂಬ ಪ್ರೋಟೀನುಗಳು ಒಂದಕ್ಕೊಂದು ಬಿಗಿದು ಹೊಲಿದಿರುತ್ತವೆ. ಸಂದಿಯಲ್ಲಿ ನುಸುಳುವುದು ಆಗದ ಮಾತು. ಕೋಶದೊಳಗೇ ನುಗ್ಗಿದ ಎಷ್ಟೋ ವಸ್ತುಗಳನ್ನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ತಿರುಗಿ ರಕ್ತಕ್ಕೆ ದಬ್ಬುತ್ತದೆ. ಭೇದಿ ನಿಲ್ಲಿಸಲು ಮೆಡಿಕಲ್ ಅಂಗಡಿಯಲ್ಲಿ ಕೊಡುವ ಲೋಪೆರಮೈಡ್ ಅಫೀಮಿನ ಗುಂಪಿನದು. ಹೇಳಿದಷ್ಟೇ ನುಂಗಿದರೆ ಅಮಲೇರದಿರುವುದು ಈ ಪಂಪಿನ ದಯೆ. 1994ರಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು ಈ ಪ್ರೋಟೀನ್ ಇಲ್ಲದ ಇಲಿಗಳನ್ನು ಬೆಳೆಸಿದ್ದರು. ನುಸಿ ಕೊಲ್ಲಲೆಂದು ಐವರ್‌ಮೆಕ್ಟಿನ್ ಸಿಂಪಡಿಸಿದರೆ ಆ ಇಲಿಗಳೇ ಸತ್ತವು. ಒಂದೇ ಒಂದು ಪ್ರೋಟೀನ್ ಇಲ್ಲದ್ದಕ್ಕೆ!

ಹಾಗಂತ ಮಿದುಳು ಉಪವಾಸವಿಲ್ಲ. ಸಕ್ಕರೆಗೆ ಗ್ಲೂಟ್-1 ಎಂಬ ಬಾಗಿಲಿದೆ, ಕೆಲವು ಅಮೈನೋ ಆಮ್ಲಗಳಿಗೆ ಲ್ಯಾಟ್-1. ಪಾರ್ಕಿನ್ಸನ್ ರೋಗಿಗೆ ಡೋಪಮೈನ್ ಕೊಟ್ಟರೆ ಅದು ಹೊರಗೇ ಉಳಿಯುತ್ತದೆ. ಎಲ್-ಡೋಪಾ ಕೊಟ್ಟರೆ ಲ್ಯಾಟ್-1 ದಾಟಿ ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ಮೈಗೆ ತಾಗಿದರೆ ತುರಿಸುವ ನಸುಗುನ್ನಿಯ ಬೀಜದಲ್ಲೂ ಎಲ್-ಡೋಪಾ ಇದೆ. ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಇದನ್ನೋದಿ ಬೀಜ ಕುಟ್ಟಲು ಕೂರಬೇಡಿ, ಪ್ರಮಾಣ ವೈದ್ಯರ ಕೆಲಸ.

ಇಂಥ ನಂಬಿಕೆಗಳು ಇನ್ನೂ ಇವೆ. ಕಿವಿಗೆ ಬಿಟ್ಟ ಎಣ್ಣೆ ಮಿದುಳು ಮುಟ್ಟುವುದಿಲ್ಲ, ತಮಟೆಯೇ ತಡೆಯುತ್ತದೆ. ನಾವು ಮಿದುಳಿನ ಶೇ 10 ಮಾತ್ರ ಬಳಸುತ್ತೇವೆ ಎಂಬುದು ಶುದ್ಧ ಬುರುಡೆ.

ಅಜ್ಜಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಎಣ್ಣೆಯಲ್ಲಿ ಅಕ್ಕರೆಯಾದರೂ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಬಾಟಲಿಯ ಮೇಲೆ ಮಿದುಳಿನ ಚಿತ್ರ ಅಂಟಿಸಿ ಮಾರುವವರಿದ್ದಾರಲ್ಲ, ಸಿಟ್ಟು ಅವರ ಮೇಲೆ. ಒಂದು ಕಿಲೋ ಬದನೆಕಾಯಿಗೆ ಹತ್ತು ಸಲ ಚೌಕಾಸಿ ಮಾಡುವ ನಾವು ಅಲ್ಲಿ ತುಟಿ ಬಿಚ್ಚದೆ ದುಡ್ಡು ಎಣಿಸುತ್ತೇವೆ. “ಸೀದಾ ಮಿದುಳಿಗೇ ಹೋಗುತ್ತದೆ” ಎಂದವನನ್ನು ಇನ್ನಾದರೂ ಕೇಳಿ: ಯಾವ ಬಾಗಿಲಿಂದಪ್ಪಾ?