ಒಕ್ಕಲಾದವರನ್ನೇ ಒಕ್ಕಲೆಬ್ಬಿಸುವುದು

ಊರಿನಿಂದ ಮುಂಬಯಿಯ ತುಳು-ಕನ್ನಡಿಗರ ಮನೆಗಳಿಗೆ ಬರುವ ಆಮಂತ್ರಣ ಪತ್ರಿಕೆಗಳಲ್ಲಿ ಮದುವೆಯಷ್ಟೇ ಸಡಗರದ್ದು ಗೃಹಪ್ರವೇಶದ್ದು. ತುಳುವಿನಲ್ಲಿ ಅದು ‘ಇಲ್ಲೊಕ್ಕೆಲ್’, ಕರಾವಳಿಯ ಕನ್ನಡದಲ್ಲಿ ‘ಮನೆ ಒಕ್ಕಲು’. ಹಾಲುಕ್ಕಿಸಿ ಒಳಸೇರುವ ಈ ಶುಭದ ಮಾತಿಗೇ ‘ಎಬ್ಬಿಸು’ ಸೇರಿದರೆ ‘ಒಕ್ಕಲೆಬ್ಬಿಸು’ ಆಗುತ್ತದೆ. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವುದೂ ಅದೇ ಕ್ರಿಯಾಪದ, ನೆಲೆ ನಿಂತ ಸಂಸಾರವನ್ನು ಹೊರಹಾಕುವುದೂ ಅದೇ.

ಒಕ್ಕಲು ಎಂದರೆ ವಾಸ, ಸಂಸಾರ, ಗೇಣಿದಾರ. ಒಕ್ಕಲುತನವೆಂದರೆ ಬೇಸಾಯ. ಮರಾಠಿಯ ‘ಕುಳ’ ಶಬ್ದಕ್ಕೂ ಹೀಗೆಯೇ ಮನೆತನ, ಗೇಣಿದಾರ ಎಂಬೆರಡು ಅರ್ಥಗಳಿವೆ. 1948ರ ಮುಂಬಯಿ ಗೇಣಿ ಕಾನೂನನ್ನು ಇಲ್ಲಿನವರು ಇಂದಿಗೂ ‘ಕುಳ ಕಾಯದಾ’ ಎಂದೇ ಕರೆಯುತ್ತಾರೆ.

ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿಯವನಿಗೆ ಆ ಭದ್ರತೆ ಇರಲಿಲ್ಲ. ಧಣಿಯ ಮನಸ್ಸು ತಿರುಗಿದರೆ ಗದ್ದೆಯೂ ಹೋಯಿತು, ಮನೆಯೂ ಹೋಯಿತು. ‘ಒಕ್ಕಲೆಬ್ಬಿಸು’ ಎಂಬ ಮಾತಿನ ಭಯವೆಲ್ಲ ಇರುವುದು ಇಲ್ಲಿ. ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಉಳುವವನೇ ಒಡೆಯನಾದ. ಭೂಮಿ ಪಡೆದವರ ಮಕ್ಕಳೂ ಕಳೆದುಕೊಂಡವರ ಮಕ್ಕಳೂ ಇಂದು ಮುಂಬಯಿಯ ಸಂಘಗಳ ಸಭೆಗಳಲ್ಲಿ ಅಕ್ಕಪಕ್ಕ ಕೂರುತ್ತಾರೆ. ಆ ವಿಷಯ ಮಾತ್ರ ಎತ್ತುವವರು ಕಡಿಮೆ.

ಮುಂಬಯಿಯಲ್ಲಿ ಗದ್ದೆಯಿಲ್ಲ, ಆದರೆ ಒಕ್ಕಲುಗಳಿದ್ದಾರೆ. 1981ರ ಮಳೆಗಾಲದಲ್ಲಿ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಫುಟ್‌ಪಾತ್ ವಾಸಿಗಳನ್ನು ತೆಗೆದು ಅವರವರ ಊರಿಗೆ ಕಳುಹಿಸುವುದಾಗಿ ಘೋಷಿಸಿದರು. ಜನರನ್ನು ಬಸ್ಸಿಗೆ ಹತ್ತಿಸಿದ್ದೂ ಆಯಿತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮುಂತಾದವರು ಸುಪ್ರೀಂ ಕೋರ್ಟಿಗೆ ಹೋದರು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು 1985ರ ಜುಲೈಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ತೆರವನ್ನು ತಡೆಯಲಿಲ್ಲ. ಮಳೆಗಾಲ ಮುಗಿದು ಅಕ್ಟೋಬರ್ 31 ಕಳೆಯುವವರೆಗೆ ಕೈಹಚ್ಚಬೇಡಿ ಎಂದಿತು, ಅಷ್ಟೆ.

ಈಗ ಪತ್ರಿಕೆಗಳಲ್ಲಿ ಹೆಚ್ಚು ಓಡಾಡುವ ಪದ ‘ತೆರವು’. ಒತ್ತುವರಿ ತೆರವು, ಗುಡಿಸಲು ತೆರವು. ಕಸವನ್ನೂ ತೆರವು ಮಾಡಬಹುದು, ಮನೆಯನ್ನೂ ಮಾಡಬಹುದು; ಒಳಗಿದ್ದವರು ಆ ಪದದಲ್ಲಿ ಕಾಣಿಸುವುದಿಲ್ಲ. 1960ರ ದಶಕದಲ್ಲಿ ದಕ್ಷಿಣದವರ ವಿರುದ್ಧ ಕೂಗಿದ ‘ಲುಂಗಿ ಹಟಾವ್’ ಘೋಷಣೆಯೂ ಹಾಗೆಯೇ, ಅಲ್ಲಿ ಇದ್ದದ್ದು ಬಟ್ಟೆ, ಮನುಷ್ಯನಲ್ಲ. ‘ಒಕ್ಕಲೆಬ್ಬಿಸು’ ಎಂದಾಗ ಹಾಗೆ ತಪ್ಪಿಸಿಕೊಳ್ಳಲಾಗದು. ಅವರು ಒಕ್ಕಲಾಗಿದ್ದರು ಎಂದು ಆ ಪದವೇ ಮೊದಲು ಒಪ್ಪಿಕೊಳ್ಳುತ್ತದೆ, ಎಬ್ಬಿಸುವ ಮಾತು ಆಮೇಲಿನದು.

ಕಾನೂನು ಕೇಳುವುದೂ ಅದನ್ನೇ. ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಉಚಿತ ಮನೆಗೆ ಅರ್ಹರಾಗಲು ಮೊದಲು 1995ರ ಜನವರಿ 1, ಬಳಿಕ 2000ದ ಜನವರಿ 1ಕ್ಕೆ ಮುಂಚಿನ ವಾಸಕ್ಕೆ ಆಧಾರ ತೋರಿಸಬೇಕಾಯಿತು. ಹೀಗಾಗಿ ಹಳೆಯ ಕರೆಂಟು ಬಿಲ್ಲು, ರೇಷನ್ ಕಾರ್ಡು, ಮತದಾರರ ಪಟ್ಟಿಯ ಒಂದು ಪುಟ ಇವನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಯ ನೀರು ತಾಗದಂತೆ ಮೇಲಿನ ಹಲಗೆಯಲ್ಲಿ ಇಡುತ್ತಾರೆ.